ಸೊಂಟದವರೆಗಿನ ದಟ್ಟ ಕೂದಲಿಗೆ ಎಂತಹ ಹೇರ್ ಡ್ರೈಯರ್ ಸರಿ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ಕೆಲಸಕ್ಕಾಗಿ ದಿನವೂ ಬೆಳಿಗ್ಗೆ 6.45ಕ್ಕೆ ಬೆಂಗಳೂರಿನ ಕಡೆಗೆ ಬಸ್ಸು ಹತ್ತುತ್ತೇನೆ. ನನ್ನ ಕೂದಲು ಸೊಂಟದವರೆಗಿದೆ, ದಟ್ಟವಾಗಿದೆ, ಸ್ವಲ್ಪ ಅಲೆಅಲೆಯಾಗಿದೆ. ಮಂಗಳವಾರ, ಶುಕ್ರವಾರ ತಲೆಸ್ನಾನ ಮಾಡಿದ ದಿನ ಒದ್ದೆ ಕೂದಲನ್ನೇ ಜಡೆ ಹೆಣೆದುಕೊಂಡು ಹೊರಡಬೇಕಾಗುತ್ತದೆ. ಸಂಜೆ ಮನೆಗೆ ಬಂದು ಜಡೆ ಬಿಚ್ಚಿದರೆ ಒಳಗೆ ಇನ್ನೂ ತೇವವಿರುತ್ತದೆ, ಮುಗ್ಗಿದ ವಾಸನೆ ಬರುತ್ತದೆ. ಅಂಗಡಿಯಲ್ಲಿ 1200 ವ್ಯಾಟ್‌ನ ಡ್ರೈಯರ್ ಒಂದನ್ನು ಸುಮಾರು ಸಾವಿರ ರೂಪಾಯಿಗೆ, 2000 ವ್ಯಾಟ್‌ನ ‘ಅಯಾನಿಕ್’ ಡ್ರೈಯರ್ ಒಂದನ್ನು ಮೂರು ಸಾವಿರಕ್ಕೆ ತೋರಿಸಿದರು. ಯಾವುದನ್ನು ಕೊಳ್ಳಲಿ? ನನ್ನ ತಂಗಿಯದು ತೆಳು ಕೂದಲು, ಬಣ್ಣ ಹಾಕಿಸಿದ್ದಾಳೆ. ಅವಳಿಗೂ ಅದೇ ಆಗುತ್ತದೆಯೇ? ಮೆಷಿನ್ ಹಿಡಿದರೆ ಕೂದಲೆಲ್ಲ ಸುಟ್ಟು ಉದುರಿಹೋಗುತ್ತದೆ ಎಂದು ಅಮ್ಮ ಬೇಡವೆನ್ನುತ್ತಿದ್ದಾರೆ.

ಉತ್ತರ: ನಿಮ್ಮ ತಾಯಿಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರ ಆತಂಕಕ್ಕೆ ಸರಿಯಾದ ಉತ್ತರ ಸಿಕ್ಕರೆ ಯಾವ ಡ್ರೈಯರ್ ಕೊಳ್ಳಬೇಕೆಂಬ ಪ್ರಶ್ನೆಗೂ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆಯೇ. ತುಮಕೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಕೇಶ ವಿನ್ಯಾಸ ಕಲಿಸುತ್ತಿರುವ ನನ್ನ ಬಳಿಗೆ ಡ್ರೈಯರ್‌ನಿಂದ ಕೂದಲು ಹಾಳಾಯಿತೆಂದು ಬಂದವರು ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರ ವಿಷಯದಲ್ಲಿ ತೊಂದರೆ ಮಾಡಿದ್ದು ಯಂತ್ರ ಬಳಸಿದ್ದಲ್ಲ, ಕೂದಲು ಒಣಗಿದ ಮೇಲೂ ಅದೇ ಬಿಸಿಯನ್ನು ಅದೇ ಜಾಗಕ್ಕೆ ಹಿಡಿದಿದ್ದು.

ಕೂದಲಿನ ಎಳೆಯೊಂದನ್ನು ಹೆಂಚಿನ ಮನೆಗೆ ಹೋಲಿಸಬಹುದು. ಮಾಡಿನ ಹೆಂಚುಗಳು ಒಂದರ ಮೇಲೊಂದು ಹೊಂದಿಕೊಂಡು ಕೂತಿರುವಂತೆ ಎಳೆಯ ಹೊರಮೈಯಲ್ಲಿ ತೆಳುವಾದ ಹುರುಪೆಗಳು ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಹೊದ್ದುಕೊಂಡಿರುತ್ತವೆ. ಒಳಗೆ ಕೆರಟಿನ್ ಎಂಬ ಪ್ರೋಟೀನಿನ ನಾರು ಇರುತ್ತದೆ. ನೀರು ಬಿದ್ದಾಗ ಈ ನಾರು ತನ್ನ ತೂಕದ ಸುಮಾರು ಶೇ 30ರಷ್ಟು ನೀರನ್ನು ಹೀರಿಕೊಂಡು ಉಬ್ಬುತ್ತದೆ, ಹೆಂಚುಗಳು ಸ್ವಲ್ಪ ಮೇಲೇಳುತ್ತವೆ, ನಾರನ್ನು ಒಳಗೆ ಬಿಗಿಯಾಗಿ ಹಿಡಿದಿಡುವ ಜಲಜನಕದ ಬಂಧಗಳು ಸಡಿಲಗೊಳ್ಳುತ್ತವೆ. ಒದ್ದೆ ಕೂದಲು ಎಳೆದರೆ ರಬ್ಬರಿನಂತೆ ಹಿಗ್ಗುವುದು, ಬೇಗ ತುಂಡಾಗುವುದು ಈ ಕಾರಣಕ್ಕೆ. ಒಣಗುವಾಗ ಆ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ, ಮತ್ತು ಆ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರ ನಿಲ್ಲುತ್ತದೆ. ನೀವು ಒದ್ದೆಯಲ್ಲೇ ಜಡೆ ಹೆಣೆದು ಸಂಜೆ ಬಿಚ್ಚಿದಾಗ ಕೂದಲು ಜಡೆಯ ಸುರುಳಿಯನ್ನೇ ಉಳಿಸಿಕೊಂಡಿರುವುದನ್ನು ಗಮನಿಸಿರುತ್ತೀರಿ.

ಈಗ ಬಿಸಿಯ ವಿಷಯ. ಒದ್ದೆ ಕೂದಲಿಗೆ ಬಿಸಿಗಾಳಿ ಬಡಿದಾಗ ಆ ಶಾಖವೆಲ್ಲ ಮೊದಲು ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವಂತೆಯೇ ಎಳೆಯ ಮೈಯೂ ಆ ಹೊತ್ತಿನಲ್ಲಿ ಗಾಳಿಯಷ್ಟು ಬಿಸಿಯಾಗುವುದಿಲ್ಲ. ನೀರು ಮುಗಿದ ಕ್ಷಣದಿಂದ ಎಳೆಯ ಶಾಖ ಸರಸರನೆ ಏರುತ್ತದೆ. ಆದ್ದರಿಂದ ಹಾನಿಯ ಹೊತ್ತು ಆರಂಭದ ಹತ್ತು ನಿಮಿಷವಲ್ಲ, ಕೊನೆಯ ಎರಡು ಮೂರು ನಿಮಿಷ. ರೇಷ್ಮೆಗೆ ಹೆಸರಾದ ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸುವವರು ಮೊದಲಿಗೆ ಹೆಚ್ಚು ಶಾಖ ಕೊಟ್ಟು, ತೇವ ಇಳಿಯುತ್ತಾ ಬಂದಂತೆ ಶಾಖವನ್ನೂ ಇಳಿಸುತ್ತಾರೆ; ಕೊನೆಯವರೆಗೂ ಒಂದೇ ಉರಿ ಇಟ್ಟರೆ ನೂಲು ಬಿಚ್ಚುವಾಗ ಎಳೆ ಕಡಿಯುತ್ತದೆಂಬುದು ನೂಲು ಬಿಚ್ಚಾಣಿಕೆದಾರರಿಗೆಲ್ಲ ಗೊತ್ತು. ರೇಷ್ಮೆಯೂ ಪ್ರೋಟೀನ್, ಕೂದಲೂ ಪ್ರೋಟೀನ್. ಕೂದಲೊಣಗಿಸುವ ಯಂತ್ರದಿಂದ ನಾವು ಬಯಸಬೇಕಾದದ್ದೂ ಇದನ್ನೇ: ಗಾಳಿ ಯಥೇಚ್ಛವಾಗಿರಬೇಕು, ಶಾಖ ನಮ್ಮ ಕೈಯ ಹಿಡಿತದಲ್ಲಿರಬೇಕು.

ತಾಯಿಯವರಿಗೆ ಇನ್ನೊಂದು ಮಾತನ್ನೂ ಹೇಳಿ. ಹಿಂದೆ ಮನೆಯಲ್ಲಿ ಎಣ್ಣೆಸ್ನಾನವಾದ ಮೇಲೆ, ಅದರಲ್ಲೂ ಬಾಣಂತಿಯರಿಗೆ, ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಕೂದಲನ್ನು ಹರಡಿ ಸಾಂಬ್ರಾಣಿ ಹೊಗೆ ಕೊಡುತ್ತಿದ್ದರಲ್ಲ, ಅದೂ ಬಿಸಿಗಾಳಿಯೇ. ಅಲ್ಲಿ ಕೆಂಡಕ್ಕೂ ಕೂದಲಿಗೂ ನಡುವೆ ಬುಟ್ಟಿಯಷ್ಟು ಅಂತರವಿತ್ತು, ಕೂದಲನ್ನು ಬೆರಳಿನಿಂದ ಬಿಡಿಸುತ್ತಾ ಹರಡುತ್ತಾ ಇರುತ್ತಿದ್ದರು. ಆ ಅಂತರವನ್ನೂ ಆ ಕೈಚಲನೆಯನ್ನೂ ಉಳಿಸಿಕೊಂಡರೆ ಡ್ರೈಯರ್‌ನಿಂದ ಹೆದರಬೇಕಾದದ್ದು ಹೆಚ್ಚೇನೂ ಇಲ್ಲ.

2011ರಲ್ಲಿ ಕೊರಿಯಾದ ಸಂಶೋಧಕರು ಕತ್ತರಿಸಿದ ಕೂದಲಿನ ಗುಚ್ಛಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಗಾಳಿ ಸುಮಾರು 47 ಡಿಗ್ರಿ ಸೆಲ್ಸಿಯಸ್ ಇತ್ತು. 10 ಸೆಂಟಿಮೀಟರ್‌ಗೆ ತಂದಾಗ 61 ಡಿಗ್ರಿ, 5 ಸೆಂಟಿಮೀಟರ್‌ಗೆ ತಂದಾಗ 95 ಡಿಗ್ರಿ. ಯಂತ್ರ ಹತ್ತಿರ ಬಂದಂತೆ ಶಾಖ ಏರುತ್ತಾ ಹೋಯಿತು. ತೊಳೆದು ಒಣಗಿಸುವ ಕೆಲಸವನ್ನು 30 ಸಲ ಮಾಡಿ ನೋಡಿದಾಗ, ಶಾಖ ಹೆಚ್ಚಾದಂತೆ ಎಳೆಯ ಹೊರಮೈಗೆ ಹಾನಿಯೂ ಹೆಚ್ಚಾಗಿತ್ತು. ಆದರೆ ಡ್ರೈಯರನ್ನೇ ಬಳಸದೆ ತಾನಾಗಿಯೇ ಒಣಗಲು ಬಿಟ್ಟ ಗುಚ್ಛಗಳಲ್ಲಿ ಮಾತ್ರ ಒಳಗಿನ ಜೀವಕೋಶಗಳನ್ನು ಬೆಸೆಯುವ ಪೊರೆಗೆ ಪೆಟ್ಟು ಬಿದ್ದಿತ್ತು. ಬಹಳ ಹೊತ್ತು ನೀರಿನಲ್ಲಿ ಉಬ್ಬಿಕೊಂಡೇ ಇರುವುದೂ ಕೂದಲಿಗೆ ಒಳ್ಳೆಯದಲ್ಲ ಎಂಬುದು ಅವರ ವಿವರಣೆ. ಇದೊಂದು ಚಿಕ್ಕ ಪರೀಕ್ಷೆ, ಇದನ್ನೇ ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಆದರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಜಡೆಯೊಳಗೆ ತೇವ ಕಟ್ಟಿಟ್ಟುಕೊಂಡು ಓಡಾಡುವ ನಿಮ್ಮಂತಹವರಿಗೆ, 15 ಸೆಂಟಿಮೀಟರ್ ದೂರದಿಂದ ಕೈ ಆಡಿಸುತ್ತಾ ಒಣಗಿಸುವುದು ಲೇಸೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹದಿನೈದು ಸೆಂಟಿಮೀಟರ್ ಎಂದರೆ ಸುಮಾರಾಗಿ ಒಂದು ಚೋಟು, ಅಂದರೆ ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿದಷ್ಟು. ಅಳತೆಪಟ್ಟಿ ಬೇಡ, ಆ ಚೋಟನ್ನು ನೆನಪಿಟ್ಟುಕೊಳ್ಳಿ.

ಇನ್ನು ಅಂಗಡಿಯವರು ತೋರಿಸಿದ ಎರಡು ಯಂತ್ರಗಳಿಗೆ ಬರೋಣ. ವ್ಯಾಟ್ ಹೆಚ್ಚಿದ್ದರೆ ಯಂತ್ರ ಒಳ್ಳೆಯದು ಎಂಬ ನಂಬಿಕೆ ಎಲ್ಲೆಡೆ ಇದೆ. ವ್ಯಾಟ್ ಎಂದರೆ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನ ಪ್ರಮಾಣವೇ ಹೊರತು ಹೊರಬರುವ ಗಾಳಿಯ ಪ್ರಮಾಣವಲ್ಲ. ಆ ವಿದ್ಯುತ್ತಿನ ಬಹುಪಾಲು ಒಳಗಿನ ನೈಕ್ರೋಮ್ ತಂತಿಯ ಸುರುಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ, ಅಲ್ಪಪಾಲು ಮಾತ್ರ ಫ್ಯಾನ್ ತಿರುಗಿಸುವ ಮೋಟಾರಿಗೆ. ಮೋಟಾರ್ ದುರ್ಬಲವಾಗಿದ್ದು ಸುರುಳಿ ಬಲವಾಗಿದ್ದರೆ ಸಿಗುವುದು ಕಡಿಮೆ ಗಾಳಿ, ಉರಿಯುವ ಬಿಸಿ. ಅಂತಹ 2000 ವ್ಯಾಟ್‌ಗಿಂತ ಚೆನ್ನಾಗಿ ಗಾಳಿ ತಳ್ಳುವ 1200 ವ್ಯಾಟೇ ಮೇಲು. ಹಾಗೆಂದು ವ್ಯಾಟ್ ಲೆಕ್ಕಕ್ಕೇ ಇಲ್ಲವೆಂದಲ್ಲ. ನಿಮ್ಮ ಕೂದಲಿನಲ್ಲಿ 100 ಗ್ರಾಂ ನೀರು ಉಳಿದಿದೆಯೆಂದುಕೊಳ್ಳಿ. ಅಷ್ಟನ್ನೂ ಆವಿ ಮಾಡಲು ಸುಮಾರು 2,40,000 ಜೂಲ್ ಶಾಖ ಬೇಕು. 1200 ವ್ಯಾಟ್‌ನ ಯಂತ್ರ ಒಂದಿಷ್ಟೂ ಪೋಲು ಮಾಡದೆ ಕೆಲಸ ಮಾಡಿದರೆ ಅದಕ್ಕೆ 200 ಸೆಕೆಂಡು, ಅಂದರೆ ಮೂರೂಕಾಲು ನಿಮಿಷದಷ್ಟು ಸಾಕು. ವಾಸ್ತವದಲ್ಲಿ ಬಿಸಿಯ ಬಹುಭಾಗ ಕೂದಲನ್ನು ದಾಟಿ ಕೋಣೆಗೆ ಹೋಗುವುದರಿಂದ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ.

ಈ ಲೆಕ್ಕದಿಂದ ತಿಳಿಯಬೇಕಾದದ್ದು ಇನ್ನೊಂದಿದೆ. ನನ್ನ ತರಗತಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಡ್ರೈಯರನ್ನು ಕೊಡುವುದಿಲ್ಲ. ಅಡುಗೆಮನೆಯ ತಕ್ಕಡಿಯೊಂದನ್ನು ಇಟ್ಟು, ಒಣ ಟವೆಲ್ಲಿನ ತೂಕ ಬರೆದುಕೊಳ್ಳಲು ಹೇಳುತ್ತೇನೆ. ತಲೆ ತೊಳೆದ ಮೇಲೆ ಅದೇ ಟವೆಲ್ಲಿನಿಂದ ಕೂದಲನ್ನು ಉಜ್ಜದೆ, ಹಿಡಿಹಿಡಿಯಾಗಿ ಒತ್ತಿ ಒತ್ತಿ ನೀರು ತೆಗೆದು, ಮತ್ತೆ ತೂಕ ಹಾಕುತ್ತಾರೆ. ಉದ್ದ ಕೂದಲಿನವರಾದರೆ ಟವೆಲ್ 150 ಗ್ರಾಂಗಿಂತ ಹೆಚ್ಚು ಭಾರವಾಗಿರುವುದನ್ನು ಎಷ್ಟೋ ಸಲ ನೋಡಿದ್ದೇವೆ. ಆ ನೀರನ್ನು ಯಂತ್ರದಿಂದ ಆರಿಸಹೊರಟಿದ್ದರೆ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬಿಸಿಗಾಳಿ ಹಿಡಿಯಬೇಕಾಗುತ್ತಿತ್ತು. ದಪ್ಪ ಟರ್ಕಿ ಟವೆಲ್ಲಿಗಿಂತ ನಾಲ್ಕಾರು ಸಲ ಒಗೆದು ಮೆತ್ತಗಾದ ಹತ್ತಿ ಟವೆಲ್ ಅಥವಾ ಹಳೆಯ ಪಂಚೆ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಟವೆಲ್ ಕಟ್ಟಿಕೊಂಡು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ ಮತ್ತಷ್ಟು ನೀರು ಇಳಿಯುತ್ತದೆ. ಬಸ್ಸಿನ ಆತುರವಿರುವ ನಿಮಗೆ 800 ವ್ಯಾಟ್ ಹೆಚ್ಚಿನ ಯಂತ್ರ ಉಳಿಸುವ ಸಮಯವನ್ನು ಈ ಟವೆಲ್ಲೇ ಉಳಿಸಿಕೊಡುತ್ತದೆ.

ವ್ಯಾಟ್ ವಿಷಯದಲ್ಲಿ ಯಂತ್ರಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಕೋಣೆಯ ಸ್ವಿಚ್ ಬೋರ್ಡನ್ನು. ನಮ್ಮ ಮನೆಗಳಲ್ಲಿ ಫೋನ್ ಚಾರ್ಜರ್ ಹಾಕುವ ಚಿಕ್ಕ ಪ್ಲಗ್ ಪಾಯಿಂಟು 6 ಆಂಪಿಯರ್‌ನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೇರಬಾರದು. 2000 ವ್ಯಾಟ್‌ನ ಡ್ರೈಯರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಅದಕ್ಕೆ ಗೀಸರ್, ಇಸ್ತ್ರಿಪೆಟ್ಟಿಗೆಗಳಿಗೆ ಬಳಸುವ 16 ಆಂಪಿಯರ್‌ನ ಪವರ್ ಪಾಯಿಂಟೇ ಬೇಕು. ಹೆಚ್ಚು ವ್ಯಾಟ್‌ನ ಕೆಲವು ಡ್ರೈಯರ್‌ಗಳು ಸಣ್ಣ ಪಿನ್ನಿನಲ್ಲೇ ಬರುತ್ತವೆ. ಪಿನ್ನು ಹಿಡಿಸಿತೆಂದ ಮಾತ್ರಕ್ಕೆ ಪಾಯಿಂಟು ತಡೆಯುತ್ತದೆಂದು ಭಾವಿಸಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ನಮ್ಮ ತರಬೇತಿ ಕೋಣೆಯಲ್ಲಿ 2000 ವ್ಯಾಟ್‌ನದೊಂದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಬಳಸುತ್ತಿದ್ದೆವು. ಒಂದು ದಿನ ಪ್ಲಗ್ ಕೀಳಲು ಹೋದರೆ ಕೈ ಸುಡುವಷ್ಟು ಬಿಸಿಯಾಗಿತ್ತು, ಬಿಳಿಯ ಬೋರ್ಡಿನಲ್ಲಿ ಪಿನ್ನಿನ ತೂತುಗಳ ಸುತ್ತ ಕಂದು ಬಣ್ಣದ ಉಂಗುರ ಬಿದ್ದು ಪ್ಲಾಸ್ಟಿಕ್ಕು ಮೆತ್ತಗಾಗಿತ್ತು. ಅಂದಿನಿಂದ ಡ್ರೈಯರನ್ನು ನಾನು ಗೋಡೆಯ ಪಾಯಿಂಟಿಗಲ್ಲದೆ ಬೇರೆಡೆ ಹಾಕಲು ಬಿಟ್ಟಿಲ್ಲ.

ನಮ್ಮ ಕಡೆ ವೋಲ್ಟೇಜ್ ಇಳಿಯುವ ಹೊತ್ತುಗಳೂ ಇರುತ್ತವೆ. 230 ವೋಲ್ಟಿನ ಬದಲು 190 ಬರುತ್ತಿದ್ದರೆ 1200 ವ್ಯಾಟ್‌ನ ಸುರುಳಿ ಸುಮಾರು 820 ವ್ಯಾಟ್‌ನಷ್ಟೇ ಕಾಯುತ್ತದೆ, ಗಾಳಿಯೂ ಕುಗ್ಗುತ್ತದೆ. ಆಗ ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಾಗಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್‌ನಲ್ಲಿ ಡ್ರೈಯರನ್ನು ನಡೆಸಲು ಹೋಗಲೇಬೇಡಿ. ಫ್ಯಾನು, ದೀಪಗಳಿಗೆಂದು ಹಾಕಿಸಿದ ಇನ್ವರ್ಟರ್ ಅಷ್ಟು ಭಾರ ಹೊರುವುದಿಲ್ಲ. ಕರೆಂಟು ಬಿಲ್ಲಿನ ಚಿಂತೆ ಮಾತ್ರ ಬೇಡ. 1200 ವ್ಯಾಟ್‌ನದನ್ನು ವಾರಕ್ಕೆರಡು ಸಲ ಹನ್ನೆರಡು ನಿಮಿಷ ಬಳಸಿದರೆ ತಿಂಗಳಿಗೆ ಎರಡು ಯೂನಿಟ್ಟಿನ ಆಸುಪಾಸು ಆಗುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ನೀವು ಕೂದಲೊಣಗಿಸುವ ಕೋಣೆಯಲ್ಲಿ 16 ಆಂಪಿಯರ್‌ನ ಪಾಯಿಂಟಿದ್ದರೆ ನಿಮ್ಮಷ್ಟು ಉದ್ದದ, ದಟ್ಟ ಕೂದಲಿಗೆ 1600ರಿಂದ 1800 ವ್ಯಾಟ್‌ನದು ಹೇಳಿಮಾಡಿಸಿದಂತೆ. 2000 ಆದರೂ ತಪ್ಪಿಲ್ಲ, ಕೆಳಗೆ ಹೇಳುವ ಸ್ವಿಚ್ಚುಗಳು ಇದ್ದರೆ. ಚಿಕ್ಕ ಪಾಯಿಂಟಷ್ಟೇ ಇದ್ದರೆ 1200 ವ್ಯಾಟ್‌ನದನ್ನೇ ಕೊಂಡು, ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತದೆಂದು ಒಪ್ಪಿಕೊಳ್ಳಿ. ಡ್ರೈಯರಿಗಾಗಿ ಬಚ್ಚಲುಮನೆಯ ಗೀಸರ್ ಪಾಯಿಂಟನ್ನು ಮಾತ್ರ ಬಳಸಬೇಡಿ. ಪ್ಲಗ್ಗಿನಲ್ಲಿದ್ದರೆ, ಸ್ವಿಚ್ ಆರಿಸಿದ್ದರೂ ನೀರಿಗೆ ಬಿದ್ದ ಡ್ರೈಯರ್ ಪ್ರಾಣ ತೆಗೆಯಬಲ್ಲದು. ಮನೆಯ ವೈರಿಂಗಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್ಚು, ಇಲ್ಲದಿದ್ದರೆ ಇದೇ ನೆಪದಲ್ಲಿ ಎಲೆಕ್ಟ್ರಿಷಿಯನ್‌ಗೆ ಹೇಳಿ ಹಾಕಿಸಿ.

ಸ್ವಿಚ್ಚುಗಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅಗ್ಗದ ಡ್ರೈಯರ್‌ಗಳಲ್ಲಿ ಒಂದೇ ಗುಂಡಿ ಇರುತ್ತದೆ: ಒಂದಕ್ಕೆ ಒತ್ತಿದರೆ ಕಡಿಮೆ ಗಾಳಿ, ಕಡಿಮೆ ಬಿಸಿ, ಎರಡಕ್ಕೆ ಒತ್ತಿದರೆ ಹೆಚ್ಚು ಗಾಳಿ, ಹೆಚ್ಚು ಬಿಸಿ. ಗಾಳಿ ಬೇಕೆಂದರೆ ಬಿಸಿಯನ್ನೂ ಒಪ್ಪಿಕೊಳ್ಳಲೇಬೇಕು. ಒಣಗುವ ಕೊನೆಯ ಹಂತದಲ್ಲಿ ನಮಗೆ ಬೇಕಾದದ್ದು ಹೆಚ್ಚು ಗಾಳಿ, ಕಡಿಮೆ ಬಿಸಿ. ಅದನ್ನು ಇಂತಹ ಯಂತ್ರ ಕೊಡಲಾರದು. ವೇಗಕ್ಕೊಂದು, ಶಾಖಕ್ಕೊಂದು ಹೀಗೆ ಎರಡು ಬೇರೆ ಬೇರೆ ಸ್ವಿಚ್ಚು ಇರುವ ಡ್ರೈಯರಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ಅದು ಸಾರ್ಥಕ ಖರ್ಚು. ಜೊತೆಗೆ ಕೂಲ್ ಶಾಟ್ ಎಂಬ ಗುಂಡಿಯೊಂದು ಇರಲಿ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಸುರುಳಿ ಆರಿ, ಫ್ಯಾನು ಮಾತ್ರ ತಿರುಗುತ್ತದೆ. ಜಲಜನಕದ ಬಂಧಗಳು ಕೂಡಿಕೊಳ್ಳುವಾಗಿನ ಆಕಾರ ನಿಲ್ಲುತ್ತದೆಂದು ಮೊದಲೇ ಹೇಳಿದೆನಲ್ಲ, ಕೊನೆಗೆ ಅರ್ಧ ನಿಮಿಷ ತಂಪುಗಾಳಿ ಹಿಡಿದರೆ ಕೂದಲು ಕೂರಿಸಿದಂತೆ ಕೂರುತ್ತದೆ.

ಮೋಟಾರಿನಲ್ಲಿ ಎರಡು ಬಗೆ ಸಾಮಾನ್ಯ. ಡಿಸಿ ಮೋಟಾರಿನದು ಹಗುರ, ಅಗ್ಗ, ಮನೆಬಳಕೆಗೆ ಸಾಕು. ಎಸಿ ಮೋಟಾರಿನದು ಭಾರ, ಗಾಳಿ ಬಲ, ಸಾಮಾನ್ಯವಾಗಿ ಹೆಚ್ಚು ವರ್ಷ ಬಾಳುತ್ತದೆ. ಪಾರ್ಲರ್‌ಗಳಲ್ಲಿ ಇರುವುದು ಇದೇ. ಮೂರನೆಯದಾಗಿ ಡೈಸನ್ ಕಂಪನಿ 2016ರಲ್ಲಿ ತಂದಂತಹ, ನಿಮಿಷಕ್ಕೆ 1,10,000 ಸುತ್ತು ತಿರುಗುವ ಬ್ರಷ್‌ರಹಿತ ಮೋಟಾರಿನ ಡ್ರೈಯರ್‌ಗಳಿವೆ. ಅವು ಗಾಳಿಯ ಬಲದಿಂದಲೇ ಒಣಗಿಸುತ್ತವೆ, ಶಾಖವನ್ನು ಅಳೆಯುತ್ತಾ ಹದದಲ್ಲಿಡುತ್ತವೆ. ಆದರೆ ವಾರಕ್ಕೆರಡು ಸಲದ ಬಳಕೆಗೆ ಅಷ್ಟು ಹಣ ಸುರಿಯಿರೆಂದು ನಾನು ಹೇಳುವುದಿಲ್ಲ. ತೂಕವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಸೊಂಟದುದ್ದ ಕೂದಲಿಗೆ ಹತ್ತು ನಿಮಿಷ ತೋಳೆತ್ತಿ ಹಿಡಿಯುವಾಗ ಮುಕ್ಕಾಲು ಕಿಲೋ ಯಂತ್ರ ಭುಜ ನೋಯಿಸುತ್ತದೆ, ಕೈ ಸೋತಾಗ ಗಾಳಿ ಒಂದೇ ಕಡೆ ನಿಲ್ಲುತ್ತದೆ, ಸುಡುವುದು ಆಗಲೇ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವ ಅಯಾನಿಕ್, ಸೆರಾಮಿಕ್, ಇನ್‌ಫ್ರಾರೆಡ್ ಎಂಬ ಪದಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಯಾನಿಕ್ ಯಂತ್ರ ಋಣ ವಿದ್ಯುತ್ ಕಣಗಳನ್ನು ಗಾಳಿಯೊಡನೆ ಬಿಡುತ್ತದೆ. ಒಣಹವೆಯಲ್ಲಿ ಬಾಚುವಾಗ ಚಟಪಟ ಸದ್ದಾಗಿ ಕೂದಲು ನಿಮಿರಿ ನಿಲ್ಲುವುದನ್ನು ಅದು ತಗ್ಗಿಸಬಲ್ಲದು. ನೀರನ್ನು ಚೂರುಚೂರು ಮಾಡಿ ಅರ್ಧ ಸಮಯದಲ್ಲಿ ಒಣಗಿಸುತ್ತದೆ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಸೆರಾಮಿಕ್ ಲೇಪನದಿಂದ ಶಾಖ ಹೆಚ್ಚು ಸಮನಾಗಿ ಹರಡಬಹುದು. ಇನ್‌ಫ್ರಾರೆಡ್ ಕಿರಣವಂತೂ ಬಿಸಿಯಾದ ಯಾವ ವಸ್ತುವಿನಿಂದಲೂ ಬರುವಂಥದ್ದು, ನಿಮ್ಮ ಮನೆಯ ದೋಸೆಕಾವಲಿಯಿಂದಲೂ ಬರುತ್ತದೆ. ಈ ಗುಣಗಳು ಪುಕ್ಕಟೆಯಾಗಿ ಬಂದರೆ ಬರಲಿ, ಅವುಗಳಿಗೆಂದೇ ಸಾವಿರ ರೂಪಾಯಿ ಹೆಚ್ಚು ಕೊಡಬೇಡಿ. ಪದಗಳಿಗಿಂತ ಐಎಸ್‌ಐ ಮುದ್ರೆಯನ್ನು ಹುಡುಕಿ. ಮನೆಬಳಕೆಯ ವಿದ್ಯುತ್ ಸಾಧನಗಳ ಸುರಕ್ಷತೆಗೆ ಐಎಸ್ 302 ಎಂಬ ಮಾನದಂಡವಿದೆ. ಮುದ್ರೆಯ ಕೆಳಗಿನ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಮುದ್ರೆ ನಿಜವೋ ಅಲ್ಲವೋ ತಿಳಿಯುತ್ತದೆ.

ತಂಗಿಯ ಕೂದಲಿಗೂ ಅದೇ ಯಂತ್ರ ಆಗುತ್ತದೆ, ಎರಡು ಸ್ವಿಚ್ಚು ಇರಬೇಕೆಂದು ಒತ್ತಿ ಹೇಳಿದ್ದು ಅದಕ್ಕೂ ಸೇರಿಸಿಯೇ. ಒಂದೇ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿ. ಬೆರಳಿಗೆ ದಾರದಂತೆ ತಾಕಿದರೆ ಅದು ದಪ್ಪ ಎಳೆ, ಏನೂ ತಾಕಿದಂತಾಗದಿದ್ದರೆ ತೆಳು ಎಳೆ. ಎಳೆಯ ದಪ್ಪ ಬೇರೆ, ತಲೆಯಲ್ಲಿ ಎಷ್ಟು ಎಳೆಗಳಿವೆ ಎಂಬ ದಟ್ಟತೆ ಬೇರೆ; ಎಷ್ಟೋ ಜನರಿಗೆ ತೆಳು ಎಳೆಯ ದಟ್ಟ ಕೂದಲಿರುತ್ತದೆ. ಯಂತ್ರದ ಬಲ ಎಷ್ಟು ಬೇಕೆಂಬುದು ದಟ್ಟತೆಯಿಂದಲೂ ಉದ್ದದಿಂದಲೂ ತೀರ್ಮಾನವಾಗುತ್ತದೆ, ಶಾಖ ಎಷ್ಟು ತಡೆಯುತ್ತದೆಂಬುದು ಎಳೆಯ ದಪ್ಪದಿಂದ. ತೆಳು ಎಳೆ ಬೇಗ ಕಾಯುತ್ತದೆ. ಬಣ್ಣ ಹಾಕಿಸಿದ, ಬ್ಲೀಚ್ ಮಾಡಿಸಿದ, ಸ್ಮೂತನಿಂಗ್ ಮಾಡಿಸಿದ ಕೂದಲಿನಲ್ಲಿ ಹೆಂಚುಗಳು ಮೊದಲೇ ಸಡಿಲವಾಗಿರುವುದರಿಂದ ಅದು ನೀರನ್ನು ಬೇಗ ಹೀರುತ್ತದೆ. ತಂಗಿ ಹೆಚ್ಚು ವೇಗ, ಕಡಿಮೆ ಶಾಖ ಇಟ್ಟುಕೊಂಡು ಚೋಟಿಗಿಂತ ಸ್ವಲ್ಪ ಹೆಚ್ಚೇ ದೂರ ಹಿಡಿಯಲಿ. ಅವಳ ಬಳಿ ಸ್ಟ್ರೇಟ್ನರ್ ಇದ್ದರೆ ಅದನ್ನು ತೇವವಿರುವ ಕೂದಲಿಗೆ ಎಂದೂ ಒತ್ತಬಾರದು. ಎಳೆಯೊಳಗಿನ ನೀರು ಕುದಿದು ಆವಿಯಾಗಿ ಹೊರದಾರಿಯಿಲ್ಲದೆ ಒಳಗೇ ಗುಳ್ಳೆ ಕಟ್ಟುತ್ತದೆ, ಆ ಗುಳ್ಳೆಯಿದ್ದಲ್ಲಿ ಕೂದಲು ಮುರಿಯುತ್ತದೆ. ವೈದ್ಯರು ಇದನ್ನು ಬಬಲ್ ಹೇರ್ ಎನ್ನುತ್ತಾರೆ. ಅತಿ ಬಿಸಿಯ ಡ್ರೈಯರನ್ನು ಒದ್ದೆ ಕೂದಲಿಗೆ ತಾಗಿಸಿ ಹಿಡಿದರೂ ಹೀಗಾಗುವುದುಂಟು.

ಡ್ರೈಯರಿನ ಬಾಯಿಗೆ ಸಿಕ್ಕಿಸುವ ಚಪ್ಪಟೆ ಮೂತಿ ಗಾಳಿಯನ್ನು ಒಂದೆಡೆ ಕೂಡಿಸುತ್ತದೆ. ನೇರವಾಗಿ, ನಯವಾಗಿ ಕೂರಬೇಕೆನ್ನುವವರು ಅದನ್ನು ಸಿಕ್ಕಿಸಿ ಬುಡದಿಂದ ತುದಿಯ ಕಡೆಗೆ ಗಾಳಿ ಬಿಡಬೇಕು. ಹೆಂಚಿನ ಇಳಿಜಾರು ಆ ದಿಕ್ಕಿನದು, ಎದುರು ಬಿಟ್ಟರೆ ಹುರುಪೆಗಳು ಎದ್ದು ಕೂದಲು ಸಿಕ್ಕಾಗುತ್ತದೆ. ನಿಮ್ಮ ಅಲೆಗೂದಲಿಗೆ ಡಿಫ್ಯೂಸರ್ ಎಂಬ ಅಗಲವಾದ, ತೂತುಗಳುಳ್ಳ ಬಟ್ಟಲು ಒಳ್ಳೆಯದು. ಅದು ಗಾಳಿಯನ್ನು ಚದುರಿಸುವುದರಿಂದ ಅಲೆಗಳು ಕೆದರುವುದಿಲ್ಲ. ಜಡೆಯನ್ನೇ ಹೆಣೆಯುವುದಾದರೆ ಎರಡೂ ಬೇಡ, ತಲೆ ಬಗ್ಗಿಸಿ ಕೂದಲನ್ನು ಮುಂದಕ್ಕೆ ಚೆಲ್ಲಿಕೊಂಡು, ಬೆರಳಾಡಿಸುತ್ತಾ ಬುಡವನ್ನು ಮೊದಲು ಒಣಗಿಸಿ. ಸಂಜೆಯ ಮುಗ್ಗು ವಾಸನೆ ಬರುವುದು ನೆತ್ತಿಯ ಹತ್ತಿರದ ತೇವದಿಂದ. ತುದಿಗಳು ಹಳೆಯ ಕೂದಲು, ಅವಕ್ಕೆ ಬಿಸಿ ಕಡಿಮೆ ಸಿಕ್ಕಷ್ಟೂ ಒಳ್ಳೆಯದು. ಹತ್ತರಲ್ಲಿ ಒಂಬತ್ತು ಪಾಲು ಒಣಗಿ, ಮುಟ್ಟಿದರೆ ಸ್ವಲ್ಪ ತಂಪೆನಿಸುವಾಗಲೇ ನಿಲ್ಲಿಸಿ. ಉಳಿದದ್ದು ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಆರುತ್ತದೆ.

ಶುಕ್ರವಾರ ಎಣ್ಣೆಸ್ನಾನ ಮಾಡುವ ರೂಢಿಯಿದ್ದರೆ ಅದನ್ನು ಖಂಡಿತ ಮುಂದುವರಿಸಿ. ತೆಂಗಿನೆಣ್ಣೆ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಸೂರ್ಯಕಾಂತಿ ಎಣ್ಣೆಯಲ್ಲಾಗಲಿ ಮಿನರಲ್ ಆಯಿಲ್‌ನಲ್ಲಾಗಲಿ ಆ ಗುಣ ಕಾಣಲಿಲ್ಲ. ತಿಪಟೂರಿನ ಕೊಬ್ಬರಿ ನೋಡಿ ಬೆಳೆದ ನಮಗೆ ಇದು ಸಂತಸದ ಮಾತು. ಆದರೆ ಎಣ್ಣೆ ತೊಳೆಯುವ ಮುಂಚೆ ಹಚ್ಚುವಂಥದ್ದು. ತೊಳೆದ ಮೇಲೆ ಹಚ್ಚಿ ಡ್ರೈಯರ್ ಹಿಡಿಯಬೇಡಿ. ಇನ್ನು ನಿಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಎಳೆಯನ್ನು ಒರಟು ಮಾಡುತ್ತವೆ, ಆ ಒರಟುತನವನ್ನು ಎಷ್ಟೋ ಜನ ಡ್ರೈಯರಿನ ತಲೆಗೆ ಕಟ್ಟುತ್ತಾರೆ. ಕೊನೆಯ ಎರಡು ತಂಬಿಗೆ ಮಳೆನೀರಿನದೋ ಫಿಲ್ಟರ್ ನೀರಿನದೋ ಆದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಉದುರುವ ಭಯಕ್ಕೆ ಒಂದು ಸರಳ ಪರೀಕ್ಷೆಯಿದೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ತುದಿಯಲ್ಲಿ ಬಿಳಿಯ ಪುಟ್ಟ ಗಂಟಿದ್ದರೆ ಅದು ಬುಡದಿಂದ ತಾನಾಗಿ ಕಳಚಿದ್ದು. ದಿನಕ್ಕೆ 50ರಿಂದ 100ರವರೆಗೆ ಹೀಗೆ ಉದುರುವುದು ಸಹಜ, ಡ್ರೈಯರಿಗೂ ಅದಕ್ಕೂ ಸಂಬಂಧವಿಲ್ಲ. ಗಂಟಿಲ್ಲದ ತುಂಡುಗಳು ಹೆಚ್ಚಾಗಿ ಸಿಕ್ಕರೆ ಎಳೆ ಮುರಿಯುತ್ತಿದೆಯೆಂದು ಅರ್ಥ. ಆಗ ಶಾಖ ತಗ್ಗಿಸಿ, ಒದ್ದೆಯಲ್ಲಿ ಬಾಚುವುದನ್ನು ಬಿಡಿ.

ಅಂಗಡಿಯಲ್ಲಿ ಯಂತ್ರವನ್ನು ಪ್ಲಗ್ಗಿಗೆ ಹಾಕಿಸಿಯೇ ನೋಡಿ. ಹೆಚ್ಚಿನ ಶಾಖದಲ್ಲಿಟ್ಟು, ಚೋಟು ದೂರದಲ್ಲಿ ಅಂಗೈ ಹಿಡಿದು ಹತ್ತರವರೆಗೆ ಎಣಿಸಿ. ಕೈ ತಡೆಯದಿದ್ದರೆ ಆ ಯಂತ್ರದಲ್ಲಿ ಬಿಸಿಗೆ ತಕ್ಕ ಗಾಳಿಯಿಲ್ಲ. ಕೂಲ್ ಶಾಟ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಗಾಳಿ ತಣ್ಣಗಾಗಬೇಕು. ತೋಳೆತ್ತಿ ಎರಡು ನಿಮಿಷ ಹಿಡಿದು ನೋಡಿ, ಸಂಕೋಚ ಬೇಡ. ಹಿಂಬದಿಯ ಜಾಲರಿ ಕೈಯಿಂದ ತೆಗೆದು ಹಾಕುವಂತಿದೆಯೇ ಎಂಬುದನ್ನು ಮರೆಯದೆ ನೋಡಿ.

ಆ ಜಾಲರಿಯ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣವಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಡ್ರೈಯರ್ ಐದು ನಿಮಿಷಕ್ಕೊಮ್ಮೆ ತಾನಾಗಿ ನಿಲ್ಲುತ್ತದೆ, ಸುಟ್ಟ ವಾಸನೆ ಬರುತ್ತದೆ, ಕತ್ತಿನ ಹಿಂದಿನ ಕೂದಲು ಗರಿಗರಿಯಾಗಿ ತುಂಡಾಗುತ್ತಿದೆ ಎಂದು ತಂದಳು. ಹಿಂಬದಿಯ ಜಾಲರಿ ಬಿಚ್ಚಿದಾಗ, ಒಳಗೆ ಕಂಬಳಿಯ ತುಂಡಿನಂತಹ ಬೂದು ಪದರವೊಂದು ಕೂತಿತ್ತು. ಟವೆಲ್ಲಿನ ಜೂಲು, ಧೂಳು, ಉದುರಿದ ಕೂದಲು ಎಲ್ಲ ಸೇರಿ ಒತ್ತಿಕೊಂಡು, ಬೆರಳಿನಿಂದ ಒಂದೇ ತುಂಡಾಗಿ ಎದ್ದುಬಂತು. ಗಾಳಿ ಒಳಗೆ ಹೋಗಲು ದಾರಿಯಿಲ್ಲದೆ ಸುರುಳಿ ಕೆಂಡವಾಗುತ್ತಿತ್ತು, ಹೊರಗೆ ಬರುತ್ತಿದ್ದ ಅಲ್ಪ ಗಾಳಿ ಕೂದಲನ್ನು ಬೇಯಿಸುತ್ತಿತ್ತು, ಒಳಗಿನ ರಕ್ಷಣಾ ಪಟ್ಟಿ ಶಾಖಕ್ಕೆ ಬಾಗಿ ಯಂತ್ರವನ್ನು ಆಗಾಗ ಆರಿಸುತ್ತಿತ್ತು. ಪದರ ತೆಗೆದ ಮೇಲೆ ಅದೇ ಯಂತ್ರ ಹೊಸದರಂತೆ ಓಡಿತು. ನೀವು ಯಾವುದನ್ನೇ ಕೊಂಡರೂ ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣ್ಣಗಾದ ಮೇಲೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಜಾಲರಿಯನ್ನು ಒಣದಾಗಿಯೇ ಉಜ್ಜಿ ಸ್ವಚ್ಛಮಾಡಿ.